ಬಸ್ ಎರರ್ ಬಂತು ಅಂತ ಬೋರ್ಡ್ ಬದಲಾಯಿಸಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ವೇಬ್ರಿಡ್ಜ್‌ಗಳಿಗೆ ತೂಕ ಬರೆದಿಡುವ ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಸಿ ಭಾಷೆಯಲ್ಲಿದೆ. ರಾಸ್‌ಬೆರಿ ಪೈ 4 ಬೋರ್ಡು, 64 ಬಿಟ್ ಲಿನಕ್ಸ್. ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ಬರುವ ತೂಕವನ್ನು ಓದಿ, 1 ಎಂಬಿ ಫೈಲ್ ಒಂದಕ್ಕೆ ಎಂಮ್ಯಾಪ್ (ಫೈಲನ್ನೇ ಮೆಮೊರಿಯ ಹಾಗೆ ಬಳಸುವ ವಿಧಾನ) ಮೂಲಕ ಬರೆಯುತ್ತದೆ. ಲಾರಿಗೊಂದು 64 ಬೈಟ್‌ನ ದಾಖಲೆ. ಎರಡು ವರ್ಷ ಸರಿಯಾಗಿಯೇ ನಡೆಯಿತು. ಕಾರ್ಡ್ ತುಂಬುತ್ತಿದೆ ಅಂತ ಹಿಂದಿನ ವಾರವಷ್ಟೇ ಈ ಫೈಲ್‌ಗೂ ಲಾಗ್‌ರೊಟೇಟ್ (ಫೈಲ್‌ಗಳ ಹಳೆಯ ಪ್ರತಿ ತೆಗೆದಿಟ್ಟು, ತೀರಾ ಹಳೆಯದನ್ನು ಅಳಿಸುವ ಪ್ರೋಗ್ರಾಂ) ಹಾಕಿದೆ: ದಿನಕ್ಕೊಮ್ಮೆ, ರೊಟೇಟ್ 7, ಕಾಪಿಟ್ರಂಕೇಟ್. ಈಗ ಮೆಕ್ಕೆಜೋಳದ ಸೀಸನ್, ರಾತ್ರಿಯೂ ಲಾರಿ ಬರುತ್ತವೆ. ಎಪಿಎಂಸಿ ಹತ್ತಿರದ ಬಾಕ್ಸ್‌ನಲ್ಲಿ ಪ್ರೋಗ್ರಾಂ 'ಬಸ್ ಎರರ್' ಅಂತ ಹೇಳಿ ನಿಂತುಬಿಡುತ್ತದೆ. ಒಂದು ದಿನ ರಾತ್ರಿ 12.40ಕ್ಕೆ, ಇನ್ನೊಂದು ದಿನ ಬೆಳಿಗ್ಗೆ 5ಕ್ಕೆ. ಮತ್ತೆ ಶುರು ಮಾಡಿದರೆ ಆ ದಿನವೆಲ್ಲ ಏನೂ ಆಗಲ್ಲ. ಜಗಳೂರು ರಸ್ತೆಯ ಬಾಕ್ಸ್‌ಗೆ ಇನ್ನೂ ಲಾಗ್‌ರೊಟೇಟ್ ಹಾಕಿಲ್ಲ, ಅಲ್ಲೂ ಇದೇ ಎರರ್. ಅಲ್ಲಂತೂ ಕೆಲವೊಮ್ಮೆ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೊಟ್ಟರೂ ಬಸ್ ಎರರ್. ಸರ್ವೀಸ್ ಅಂಗಡಿಯವರು 'ರ‍್ಯಾಮ್ ಹೋಗಿದೆ, ಎರಡೂ ಬೋರ್ಡ್ ಬದಲಾಯಿಸಿ' ಅಂದರು. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯ 'ಅಲೈನ್‌ಮೆಂಟ್ ತಪ್ಪಿದೆ (ಅಂಕಿಗಳು ಮೆಮೊರಿಯಲ್ಲಿ ಸರಿಯಾದ ಅಡ್ರೆಸ್‌ನಿಂದ ಶುರುವಾಗುತ್ತಿಲ್ಲ), ಕೋಡ್ ಪೂರ್ತಿ ತಿದ್ದು' ಅಂತಾನೆ. ಬಸ್ ಎರರ್ ಅಂತ ಸಿಸ್ಟಮ್ ಕಳಿಸುವ ಆ ಸಿಗ್ನಲ್ ಬಂದರೆ ಲೆಕ್ಕಕ್ಕೆ ತಗೋಬೇಡ ಅಂತ ಕೋಡ್‌ನಲ್ಲೇ ಬರೆದುಬಿಟ್ಟರೆ ಆಗಲ್ವಾ?

ಉತ್ತರ: ಉಳಿದದ್ದನ್ನು ಓದುವ ಮುಂಚೆ ಒಂದು ಕೆಲಸ ಮಾಡಿ. ಎಪಿಎಂಸಿ ಬಾಕ್ಸ್‌ನಿಂದ ಆ ಲಾಗ್‌ರೊಟೇಟ್ ಸಾಲುಗಳನ್ನು ಈಗಲೇ ತೆಗೆಯಿರಿ, ಹಳೆಯ ಫೈಲ್‌ಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ರೊಟೇಟ್ 7 ಅಂದರೆ ಏಳು ಹಳೆಯ ಪ್ರತಿ ಮಾತ್ರ ಇಟ್ಟುಕೊಂಡು ಅದಕ್ಕಿಂತ ಹಿಂದಿನದನ್ನು ಅಳಿಸು ಅಂತ. ನೀವು ಹಾಕಿ ಒಂದು ವಾರ ಆಗಿದೆ, ಅಂದರೆ ಅಳಿಸುವ ದಿನ ಬಂದೇಬಿಟ್ಟಿದೆ. ಅಲ್ಲಿರುವುದು ರೈತರ ತೂಕದ ಲೆಕ್ಕ. ನಾಳೆ ಯಾರೋ ಚೀಟಿ ಹಿಡಿದುಕೊಂಡು ಬಂದು ಕೇಳಿದರೆ ತೋರಿಸೋಕೆ ಏನಾದರೂ ಇರಬೇಕಲ್ಲ. ಪ್ರೋಗ್ರಾಂ ಬೀಳುವುದಕ್ಕಿಂತ ಇದು ದೊಡ್ಡ ಚಿಂತೆ.

ಈಗ ವಿಷಯಕ್ಕೆ ಬರ್ತೀನಿ. ಎರಡೂ ಬಾಕ್ಸ್ ಒಂದೇ ಮಾತು ಹೇಳುತ್ತಿವೆ ಅಂತ ನೀವು ಒಂದೇ ಕಾಯಿಲೆ ಅಂದುಕೊಂಡಿದ್ದೀರಿ. ಅಂಗಡಿಯವರೂ ಹಾಗೇ ಅಂದುಕೊಂಡರು. ನನಗೆ ಕಾಣುವ ಮಟ್ಟಿಗೆ ಅವು ಬೇರೆ ಬೇರೆ, ಮತ್ತು ಎರಡಕ್ಕೂ ಹೊಸ ಬೋರ್ಡ್ ಬೇಡ. ಪೈ 4ರಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿರುತ್ತದೆ, ಅದನ್ನಷ್ಟೇ ಬದಲಾಯಿಸುವ ಹಾಗಿಲ್ಲ. ಹಾಗಾಗಿ 'ರ‍್ಯಾಮ್ ಹೋಗಿದೆ' ಅನ್ನುವ ಮಾತು ಸೀದಾ 'ಹೊಸದು ತಗೊಳ್ಳಿ'ಗೆ ಬಂದು ನಿಲ್ಲುತ್ತದೆ.

ಬಸ್ ಎರರ್ ಅಂದ ಕೂಡಲೇ ಮದರ್‌ಬೋರ್ಡಿನ ತಂತಿ, ರ‍್ಯಾಮ್ ಸ್ಲಾಟ್ ಅಂತ ಮನಸ್ಸು ಹೋಗುವುದು ಸಹಜ. ಪಿಡಿಪಿ-11 ಯಂತ್ರಗಳ ಕಾಲದಲ್ಲಿ ಯುನಿಕ್ಸ್‌ಗೆ ಈ ಸಿಗ್ನಲ್ ಬಂದಾಗ ಅದು ಹಾರ್ಡ್‌ವೇರ್‌ಗೆ ಹತ್ತಿರದ ಮಾತೇ ಆಗಿತ್ತು. ಬೆಸಸಂಖ್ಯೆಯ ಅಡ್ರೆಸ್‌ನಿಂದ ಎರಡು ಬೈಟ್ ಒಟ್ಟಿಗೆ ಓದಲು ಹೋದರೆ ಆ ಯಂತ್ರ ಅಲ್ಲೇ ತಡೆಯುತ್ತಿತ್ತು. ಇವತ್ತಿನ ಲಿನಕ್ಸ್‌ನಲ್ಲಿ ಇದೇ ಸಿಗ್ನಲ್ ಬಹುತೇಕ ಸಲ ಬರುವುದು ಫೈಲ್ ಮತ್ತು ಡಿಸ್ಕ್‌ನ ಕಾರಣಕ್ಕೆ.

ಸೆಗ್ಮೆಂಟೇಶನ್ ಫಾಲ್ಟ್ ಎಲ್ಲರಿಗೂ ಗೊತ್ತು. ಅದಕ್ಕೂ ಇದಕ್ಕೂ ವ್ಯತ್ಯಾಸ ಹೀಗೆ. ಪಹಣಿಯಲ್ಲೇ ಇಲ್ಲದ ಸರ್ವೆ ನಂಬರ್‌ಗೆ ಹೋಗಿ ಉಳುತ್ತೇನೆ ಅಂದರೆ ಅದು ಸೆಗ್ಮೆಂಟೇಶನ್ ಫಾಲ್ಟ್. ಪಹಣಿಯಲ್ಲಿ ನಿಮ್ಮ ಹೆಸರೇ ಇದೆ, ಹೋಗಿ ನೋಡಿದರೆ ಹೊಲವೇ ನೀರಿನಲ್ಲಿ ಮುಳುಗಿದೆ; ಅದು ಬಸ್ ಎರರ್. 2022ರಲ್ಲಿ ವಾಣಿವಿಲಾಸ ಸಾಗರ ತುಂಬಿದಾಗ ಹೊಸದುರ್ಗದ ಕಡೆ ಹಿನ್ನೀರಿನವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಅಂದರೆ ಕರ್ನಲ್‌ನ (ಲಿನಕ್ಸ್‌ನ ತಿರುಳು ಭಾಗದ) ಲೆಕ್ಕದಲ್ಲಿ ಆ ಅಡ್ರೆಸ್ ನಿಮ್ಮದೇ. ಆದರೆ ಅದರ ಹಿಂದೆ ಇರಬೇಕಾದ ವಸ್ತುವನ್ನು ತಂದುಕೊಡಲು ಕರ್ನಲ್‌ಗೆ ಆಗುತ್ತಿಲ್ಲ. ಫೈಲ್ ಸಣ್ಣದಾಗಿರಬಹುದು, ಡಿಸ್ಕ್ ತುಂಬಿರಬಹುದು, ಕಾರ್ಡ್ ಓದಲು ಬರದೇ ಇರಬಹುದು.

ಎಪಿಎಂಸಿ ಬಾಕ್ಸ್‌ನಲ್ಲಿ ಆಗುತ್ತಿರುವುದು ಮೊದಲನೆಯದು. ನಿಮ್ಮ ಪ್ರೋಗ್ರಾಂ ಶುರುವಾದಾಗ 1 ಎಂಬಿ ಫೈಲನ್ನು ಮೆಮೊರಿಗೆ ಹೊಂದಿಸಿಕೊಳ್ಳುತ್ತದೆ. ಮೆಮೊರಿಯನ್ನು ಪೇಜ್ ಅನ್ನುವ ತುಂಡುಗಳಾಗಿ ಹಂಚಿರುತ್ತಾರೆ; ಪೈ 4ರಲ್ಲಿ ಒಂದು ಪೇಜ್ 4,096 ಬೈಟ್. ಅಲ್ಲಿಗೆ 256 ಪೇಜ್, ಒಂದೊಂದರಲ್ಲಿ 64 ಲಾರಿ. ಲಾಗ್‌ರೊಟೇಟ್ ದಿನಕ್ಕೊಮ್ಮೆ, ಮಧ್ಯರಾತ್ರಿ 12ಕ್ಕೋ ಅದಾಗಿ ಒಂದು ಗಂಟೆಯೊಳಗೋ ಎದ್ದೇಳುತ್ತದೆ. ಕಾಪಿಟ್ರಂಕೇಟ್ ಅಂತ ಹೇಳಿದ್ದೀರಲ್ಲ, ಅದು ಫೈಲನ್ನು ಬೇರೆ ಹೆಸರಿಗೆ ನಕಲು ಮಾಡಿ, ಮೂಲ ಫೈಲನ್ನು ಸೊನ್ನೆ ಬೈಟ್‌ಗೆ ಕತ್ತರಿಸುತ್ತದೆ. ನಿಮ್ಮ ಪ್ರೋಗ್ರಾಂಗೆ ಇದನ್ನು ಯಾರೂ ಹೇಳುವುದಿಲ್ಲ. ಅದರ ಲೆಕ್ಕದಲ್ಲಿ ಇನ್ನೂ 256 ಪೇಜ್ ಇವೆ. ಮುಂದಿನ ಲಾರಿ ತಟ್ಟೆ ಹತ್ತಿತು, ತೂಕ ಬಂತು, ದಾಖಲೆ ಬರೆಯಲು ಹೋಯಿತು. ಫೈಲ್ ಅಲ್ಲಿಲ್ಲ. ಬಸ್ ಎರರ್.

ಸಮಯ ಯಾಕೆ ದಿನಕ್ಕೊಂದು ಥರ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಕತ್ತರಿಸಿದ ಕ್ಷಣಕ್ಕೆ ಪ್ರೋಗ್ರಾಂ ಸಾಯುವುದಿಲ್ಲ, ಆಮೇಲೆ ಆ ಜಾಗ ಮುಟ್ಟಿದಾಗ ಸಾಯುತ್ತದೆ. ರಾತ್ರಿ ಲಾರಿ ಸಾಲು ಇದ್ದರೆ 12.40, ಯಾರೂ ಇಲ್ಲದಿದ್ದರೆ ಬೆಳಿಗ್ಗೆ ಮೊದಲ ಲಾರಿಯ 5 ಗಂಟೆ. ನೀವು ಬರೆದ ಎರಡೂ ಸಮಯ ಮಧ್ಯರಾತ್ರಿಯ ಆಚೆಯದೇ. ಮತ್ತೆ ಶುರು ಮಾಡಿದರೆ ಪ್ರೋಗ್ರಾಂ ಫೈಲನ್ನು ಪುನಃ 1 ಎಂಬಿಗೆ ಎಳೆಯುತ್ತದೆ, ಹಾಗಾಗಿ ಮುಂದಿನ ಮಧ್ಯರಾತ್ರಿ ತನಕ ನೆಮ್ಮದಿ. ರ‍್ಯಾಮ್ ಕೆಟ್ಟಿದ್ದರೆ ಅದಕ್ಕೆ ಗಡಿಯಾರ ನೋಡಿಕೊಂಡು ಕೆಡುವ ಅಭ್ಯಾಸ ಇರುವುದಿಲ್ಲ.

ಫೈಲ್ ಸೊನ್ನೆಗೆ ಇಳಿಯದೆ ಅರ್ಧಕ್ಕೆ ಕತ್ತರಿಸಲ್ಪಟ್ಟರೆ ಇನ್ನೂ ಕೆಟ್ಟದು. ಉದಾಹರಣೆಗೆ 100 ಬೈಟ್ ಮಾತ್ರ ಉಳಿದಿದೆ ಅನ್ನಿ. ಆ 100 ಬೈಟ್ ಇರುವ ಮೊದಲ ಪೇಜ್ ಪೂರ್ತಿ ಮುಟ್ಟಬಹುದು, ಎರರ್ ಬರುವುದಿಲ್ಲ. ಆದರೆ 100ರ ಆಚೆ ಬರೆದದ್ದು ಫೈಲ್‌ಗೆ ಹೋಗುವುದಿಲ್ಲ. ಪ್ರೋಗ್ರಾಂ ಆರಾಮಾಗಿ ಓಡುತ್ತಿರುತ್ತದೆ, ಲಾರಿಗಳ ಲೆಕ್ಕ ಗಾಳಿಗೆ ಹೋಗುತ್ತಿರುತ್ತದೆ. ಬಸ್ ಎರರ್ ಬಂದು ಬಿದ್ದದ್ದೇ ಒಳ್ಳೆಯದಾಯಿತು ಅಂತ ಇಂಥ ಕಡೆ ಅನಿಸುತ್ತದೆ.

ನನ್ನ ಮಾತು ಸುಮ್ನೆ ನಂಬಬೇಡಿ, ನೋಡಿಬಿಡಿ. ಮನೆಯಲ್ಲಿ ಬೇರೆ ಬೋರ್ಡ್ ಇದ್ದರೆ ಅಲ್ಲಿ ಪ್ರೋಗ್ರಾಂ ಓಡಿಸಿ. ಇನ್ನೊಂದು ಟರ್ಮಿನಲ್‌ನಲ್ಲಿ ಟ್ರಂಕೇಟ್ ಕಮಾಂಡ್ ಕೊಟ್ಟು ಫೈಲನ್ನು ಸೊನ್ನೆಗೆ ಇಳಿಸಿ. ಆಮೇಲೆ ಒಂದು ನಕಲಿ ತೂಕ ಕಳಿಸಿ. ತಕ್ಷಣ ಬಿದ್ದರೆ ಕೇಸ್ ಮುಗಿಯಿತು. ಶೆಲ್‌ನಲ್ಲಿ ಎಕ್ಸಿಟ್ ಕೋಡ್ ನೋಡಿದರೆ 135 ಅಂತ ಬರುತ್ತದೆ. ಲಿನಕ್ಸ್‌ನಲ್ಲಿ ಈ ಸಿಗ್ನಲ್‌ನ ನಂಬರ್ 7, ಶೆಲ್ ಅದಕ್ಕೆ 128 ಸೇರಿಸುತ್ತದೆ. ಮ್ಯಾಕ್‌ನಲ್ಲಿ ನಂಬರ್ 10, ಹಾಗಾಗಿ ಅಲ್ಲಿ 138.

ಇನ್ನೂ ಆಳಕ್ಕೆ ಹೋಗಬೇಕಾದರೆ ಕೋರ್ ಫೈಲ್ (ಪ್ರೋಗ್ರಾಂ ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಬರುವ ಹಾಗೆ ಮಾಡಿ ಅದನ್ನು ಜಿಡಿಬಿ ಅನ್ನುವ ಡಿಬಗ್ಗರ್‌ನಲ್ಲಿ ತೆರೆಯಿರಿ. ಪ್ರಿಂಟ್ ಡಾಲರ್ ಅಂಡರ್‌ಸ್ಕೋರ್ ಸಿಗ್‌ಇನ್ಫೋ ಅಂತ ಕೊಟ್ಟರೆ ಒಂದು ಕೋಡ್ ಮತ್ತು ಒಂದು ಅಡ್ರೆಸ್ ಕಾಣುತ್ತವೆ. ಕೋಡ್ 1 ಆದರೆ ನಿಮ್ಮ ಗೆಳೆಯ ಹೇಳಿದ ಅಲೈನ್‌ಮೆಂಟ್. 2 ಆದರೆ ಅಡ್ರೆಸ್‌ನ ಹಿಂದೆ ವಸ್ತು ಇಲ್ಲ: ಫೈಲ್ ಸಣ್ಣದಾದದ್ದು, ಜಾಗ ಸಾಲದೇ ಹೋದದ್ದು, ಕಾರ್ಡ್ ಓದಲು ಆಗದ್ದು ಎಲ್ಲ ಇದರಲ್ಲೇ ಬರುತ್ತವೆ. 4 ಅಥವಾ 5 ಆದರೆ ಮಾತ್ರ ನಿಜವಾಗಿ ಮೆಮೊರಿ ಚಿಪ್ ಕೆಟ್ಟಿದೆ ಅಂತ ಕರ್ನಲ್ಲೇ ಹೇಳುತ್ತಿದೆ. ನಿಮ್ಮಲ್ಲಿ 2 ಬರುತ್ತದೆ ಅಂತ ನನ್ನ ಅಂದಾಜು. ಆ ಅಡ್ರೆಸ್ ನಿಮ್ಮ ತೂಕದ ಫೈಲ್ ಕೂತಿರುವ ಜಾಗದಲ್ಲೇ ಬೀಳುತ್ತದಾ ಅಂತ ಮ್ಯಾಪಿಂಗ್ ಪಟ್ಟಿಯಲ್ಲಿ ನೋಡಿಕೊಳ್ಳಿ.

ಸರಿಪಡಿಸುವುದು ಹೇಗೆ? ನನ್ನನ್ನು ಕೇಳಿದರೆ ಎಂಮ್ಯಾಪ್ ಬಿಟ್ಟೇಬಿಡಿ. ಐದು ನಿಮಿಷಕ್ಕೊಂದು ಲಾರಿ ಬರುವ ಜಾಗಕ್ಕೆ ಅದರ ವೇಗ ಯಾಕೆ ಬೇಕು? ಮಾಮೂಲಿ ರೈಟ್ ಬಳಸಿ, ಪ್ರತಿ ದಾಖಲೆಗೂ ಎಫ್‌ಸಿಂಕ್ (ಬರೆದದ್ದು ಕಾರ್ಡ್‌ಗೇ ಹೋಗುವ ಹಾಗೆ ಮಾಡುವ ಕರೆ) ಮಾಡಿ. ಇದರ ದೊಡ್ಡ ಲಾಭ ಏನೆಂದರೆ, ಜಾಗ ಇಲ್ಲ, ಕಾರ್ಡ್ ಓದಲಾಗುತ್ತಿಲ್ಲ ಅನ್ನುವುದೆಲ್ಲ ರಿಟರ್ನ್ ವ್ಯಾಲ್ಯೂ ಆಗಿ ಕೈಗೆ ಬರುತ್ತದೆ. ಆಪರೇಟರ್‌ಗೆ ಪರದೆ ಮೇಲೆ ಕೆಂಪಕ್ಷರದಲ್ಲಿ ತೋರಿಸಬಹುದು. ಎಂಮ್ಯಾಪ್‌ನಲ್ಲಿ ಅದೇ ಸಂಗತಿ ಸಿಗ್ನಲ್ ಆಗಿ ಬಂದು ಪ್ರೋಗ್ರಾಂ ಕೊಲ್ಲುತ್ತದೆ. ಇನ್ನೂ ಅಚ್ಚುಕಟ್ಟಾಗಿ ಬೇಕು ಅಂದರೆ ಎಸ್‌ಕ್ಯುಲೈಟ್ ಅನ್ನುವ ಸಣ್ಣ ಡೇಟಾಬೇಸ್ ಹಾಕಿ. ಕಾರ್ಡ್ ಮೇಲೆ ಬರವಣಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಮಧ್ಯದಲ್ಲಿ ಕರೆಂಟ್ ಹೋದರೂ ಅರ್ಧ ಬರೆದ ದಾಖಲೆ ಉಳಿಯುವುದಿಲ್ಲ.

ಎಂಮ್ಯಾಪ್ ಇಟ್ಟುಕೊಳ್ಳಲೇಬೇಕು ಅಂದರೆ ಫೈಲನ್ನು ಹೊರಗಿನವರು ಯಾರೂ ಕತ್ತರಿಸಬಾರದು. ದಿನಕ್ಕೊಂದು ಹೊಸ ಹೆಸರಿನ ಫೈಲನ್ನು ಪ್ರೋಗ್ರಾಂ ತಾನೇ ತೆರೆಯಲಿ. ಇನ್ನೊಂದು ಹಳ್ಳ ಇದೆ. ಎಫ್‌ಟ್ರಂಕೇಟ್‌ನಿಂದ ಫೈಲನ್ನು 1 ಎಂಬಿಗೆ ಎಳೆದರೆ ಅಳತೆ ಮಾತ್ರ 1 ಎಂಬಿ, ಡಿಸ್ಕ್‌ನಲ್ಲಿ ಜಾಗ ಆಗ ಸಿಕ್ಕಿರುವುದಿಲ್ಲ, ಬರೆಯುವಾಗ ಹುಡುಕುತ್ತದೆ. ಅಷ್ಟರಲ್ಲಿ ಕಾರ್ಡ್ ತುಂಬಿದ್ದರೆ ಅಲ್ಲೂ ಬಸ್ ಎರರ್. ಅದರ ಬದಲು ಪೋಸಿಕ್ಸ್ ಫಾಲೊಕೇಟ್ ಬಳಸಿದರೆ ಜಾಗವನ್ನು ಮೊದಲೇ ಕಾಯ್ದಿರಿಸುತ್ತದೆ, ಇಲ್ಲದಿದ್ದರೆ ಶುರುವಿನಲ್ಲೇ ಎರರ್ ಹೇಳುತ್ತದೆ. ಕಾರ್ಡ್ ತುಂಬುತ್ತಿದೆ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಇದನ್ನು ಹೇಳಬೇಕಾಯಿತು.

ಸಿಗ್ನಲ್ ಬಂದರೆ ಸುಮ್ಮನಿದ್ದುಬಿಡು ಅಂತ ಬರೆಯುವ ನಿಮ್ಮ ಐಡಿಯಾ ಕೆಲಸ ಮಾಡಲ್ಲ. ಹೀಗೆ ಮೆಮೊರಿ ಮುಟ್ಟಿದ್ದರಿಂದ ಹುಟ್ಟಿದ ಸಿಗ್ನಲ್ ಅನ್ನು ಇಗ್ನೋರ್ ಮಾಡು ಅಂದರೂ ಲಿನಕ್ಸ್ ಕೇಳುವುದಿಲ್ಲ, ಪ್ರೋಗ್ರಾಂ ಸಾಯಿಸಿಯೇ ಬಿಡುತ್ತದೆ. ನಿಮ್ಮದೇ ಹ್ಯಾಂಡ್ಲರ್ ಬರೆದು ಏನೂ ಮಾಡದೆ ಹಿಂತಿರುಗಿದರೆ, ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡುತ್ತದೆ, ಮತ್ತೆ ಸಿಗ್ನಲ್, ಮತ್ತೆ ಹ್ಯಾಂಡ್ಲರ್. ಸಿಪಿಯು ನೂರಕ್ಕೆ ನೂರು ತಿನ್ನುತ್ತಾ ಅಲ್ಲೇ ಸುತ್ತುತ್ತಿರುತ್ತದೆ. ಹ್ಯಾಂಡ್ಲರ್‌ನಿಂದ ಹೊರಗೆ ಜಿಗಿಯುವ ದಾರಿ ಇದೆ, ಸಿಗ್‌ಲಾಂಗ್‌ಜಂಪ್ ಅಂತ. ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಬಳಸುತ್ತಾರೆ. ಆದರೆ ಜಿಗಿಯುವ ಹೊತ್ತಿಗೆ ಯಾವ ಲಾಕ್ ಹಿಡಿದುಕೊಂಡಿದ್ದಿರಿ, ಯಾವ ದಾಖಲೆ ಅರ್ಧ ಆಗಿತ್ತು ಅನ್ನುವುದನ್ನೆಲ್ಲ ನೀವೇ ನೋಡಿಕೊಳ್ಳಬೇಕು. ನಿಮ್ಮ ಅಳತೆಯ ಕೆಲಸಕ್ಕೆ ನಾನು ಬೇಡ ಅಂತೀನಿ. ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಹೇಳಿ ಬಿದ್ದ ಪ್ರೋಗ್ರಾಂ ತಾನೇ ಏಳುವ ಹಾಗೆ ಮಾಡಿ, ಅದು ಸಾಕು. ಒಂದು ಎಚ್ಚರಿಕೆ: ಬೇರೆ ಏನೂ ಹೇಳದಿದ್ದರೆ 10 ಸೆಕೆಂಡಿನಲ್ಲಿ 5 ಸಲ ಬಿದ್ದ ಮೇಲೆ ಸಿಸ್ಟಮ್‌ಡಿ ಕೈಬಿಡುತ್ತದೆ. ಎಷ್ಟು ಸಲ ಎದ್ದಿದೆ ಅಂತ ಜರ್ನಲ್‌ನಲ್ಲಿ ವಾರಕ್ಕೊಮ್ಮೆ ನೋಡದಿದ್ದರೆ ಕಾಯಿಲೆ ಒಳಗೇ ಬೆಳೆಯುತ್ತಿರುತ್ತದೆ.

ಜಗಳೂರು ರಸ್ತೆಯ ಬಾಕ್ಸ್ ಬೇರೆ. ಎಲ್‌ಎಸ್ ಕೂಡ ಬಸ್ ಎರರ್ ಅಂತಿದೆ ಅಂದಾಗಲೇ ನನ್ನ ಅನುಮಾನ ಎಸ್‌ಡಿ ಕಾರ್ಡ್ ಮೇಲೆ ಹೋಯಿತು. ಲಿನಕ್ಸ್ ಒಂದು ಪ್ರೋಗ್ರಾಂ ಓಡಿಸುವಾಗ ಅದನ್ನು ಪೂರ್ತಿ ಮೆಮೊರಿಗೆ ತರುವುದಿಲ್ಲ. ಬೇಕಾದ ಪೇಜನ್ನು ಬೇಕಾದಾಗ ಕಾರ್ಡ್‌ನಿಂದ ಎಳೆಯುತ್ತದೆ. ಆ ಪೇಜ್ ಇರುವ ಜಾಗ ಕಾರ್ಡ್‌ನಲ್ಲಿ ಕೆಟ್ಟಿದ್ದರೆ ತರಲು ಆಗುವುದಿಲ್ಲ, ಎಲ್‌ಎಸ್ ಬಸ್ ಎರರ್‌ನಿಂದ ಸಾಯುತ್ತದೆ. ಒಮ್ಮೆ ಓದಿದ ಪೇಜ್ ಮೆಮೊರಿಯಲ್ಲೇ ಉಳಿದಿದ್ದರೆ ಮುಂದಿನ ಸಲ ಸರಿಯಾಗಿ ಓಡುತ್ತದೆ. ಅದಕ್ಕೇ 'ಕೆಲವೊಮ್ಮೆ'. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಕಮಾಂಡ್ ಕೊಟ್ಟು ನೋಡಿ; ಎಂಎಂಸಿಬಿಎಲ್‌ಕೆ0 (ಎಸ್‌ಡಿ ಕಾರ್ಡ್‌ಗೆ ಲಿನಕ್ಸ್ ಇಟ್ಟ ಹೆಸರು) ಹೆಸರಿನ ಜೊತೆ ಐಓ ಎರರ್ ಅಂತ ಸಾಲು ಇದ್ದರೆ ಕಾರ್ಡ್ ಮುಗಿದಿದೆ. ಆ ಕಮಾಂಡ್ ಕೂಡ ಬಸ್ ಎರರ್ ಅಂದರೆ ನಗಬೇಡಿ, ಅದನ್ನೂ ಅದೇ ಕಾರ್ಡ್‌ನಿಂದಲೇ ಓದಬೇಕಲ್ಲ. ಆಗ ಕಾರ್ಡ್ ಬಿಚ್ಚಿ ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗೆ ಹಾಕಿ.

ಹಾಕಿದ ಕೂಡಲೇ ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸುವ ಆಸೆ ಆಗುತ್ತದೆ. ತಡೆಯಿರಿ. ಅದು ಕಾರ್ಡ್ ಮೇಲೆ ಬರೆಯುತ್ತದೆ, ಸಾಯುತ್ತಿರುವ ಕಾರ್ಡ್ ಮೇಲೆ ಬರೆಯುವುದು ಅಪಾಯ. ಮೊದಲು ಡಿಡಿರೆಸ್ಕ್ಯೂ ಬಳಸಿ ಕಾರ್ಡಿನ ಪೂರ್ತಿ ಪ್ರತಿ ತೆಗೆದುಕೊಳ್ಳಿ, ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ. ಆಮೇಲೆ ಹೊಸ ಕಾರ್ಡ್, ಸಿಸಿಟಿವಿಗೆ ಅಂತ ಮಾರುವ ಹೈ ಎಂಡ್ಯೂರೆನ್ಸ್ ಜಾತಿಯದು. ದುಡ್ಡು ಇದ್ದರೆ ಸಣ್ಣ ಯುಎಸ್‌ಬಿ ಎಸ್‌ಎಸ್‌ಡಿ ಇನ್ನೂ ಮೇಲು.

ಕಾರ್ಡ್ ಯಾಕೆ ಸತ್ತಿತು ಅಂತ ನೋಡದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬಯಲುಸೀಮೆಯ ಹೊರವಲಯದ ಲೈನ್‌ಗಳು ಹೇಗೆ ಅಂತ ನಿಮಗೆ ನಾನು ಹೇಳಬೇಕಾ? ಬರೆಯುತ್ತಿರುವಾಗ ಕರೆಂಟ್ ಹೋಗುವುದು ಎಸ್‌ಡಿ ಕಾರ್ಡ್‌ಗೆ ವಿಷ. ಜೊತೆಗೆ ಚಾರ್ಜರ್ ನೋಡಿ. ಪೈ 4ಕ್ಕೆ 5 ವೋಲ್ಟ್, 3 ಆಂಪ್ ಕೊಡುವ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಚುಚ್ಚಿ ಬಿಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಡಿಮೆಸೇಜ್‌ನಲ್ಲಿ ಅಂಡರ್‌ವೋಲ್ಟೇಜ್ ಅಂತ ಬರೆದಿರುತ್ತದೆ. ಒಂದು ಸಣ್ಣ ಯುಪಿಎಸ್ ಇಡಿ. ರೂಟ್ ಫೈಲ್‌ಸಿಸ್ಟಮ್ ಓದಲು ಮಾತ್ರ ಅಂತ ಮಾಡುವ ಓವರ್‌ಲೇ ಸೌಲಭ್ಯ ರಾಸ್ಪಿ-ಕಾನ್ಫಿಗ್‌ನಲ್ಲೇ ಇದೆ, ಕಾರ್ಡ್ ಬಾಳಿಕೆಗೆ ಚೆನ್ನಾಗಿದೆ. ಆದರೆ ಅದನ್ನು ಹಾಕಿದ ಮೇಲೆ ಬರೆದದ್ದೆಲ್ಲ ರ‍್ಯಾಮ್‌ನಲ್ಲೇ ಇರುತ್ತದೆ, ರೀಬೂಟ್ ಆದರೆ ಮಾಯ. ತೂಕದ ಫೈಲನ್ನು ಬೇರೆ ಡ್ರೈವ್‌ಗೆ ಸಾಗಿಸದೆ ಅದನ್ನು ಆನ್ ಮಾಡಬೇಡಿ.

ಹಾಗಾದರೆ ರ‍್ಯಾಮ್‌ನಿಂದ ಬಸ್ ಎರರ್ ಬರುವುದೇ ಇಲ್ಲವಾ? ಬರುತ್ತದೆ, ಮುಖ್ಯವಾಗಿ ಇಸಿಸಿ (ತಪ್ಪನ್ನು ತಾನೇ ಪತ್ತೆ ಮಾಡುವ) ಮೆಮೊರಿ ಇರುವ ಸರ್ವರ್‌ಗಳಲ್ಲಿ. ಅಲ್ಲಿ ಸರಿಪಡಿಸಲಾಗದ ತಪ್ಪು ಕಂಡರೆ ಹಾರ್ಡ್‌ವೇರ್ ಕರ್ನಲ್‌ಗೆ ಹೇಳುತ್ತದೆ, ಕರ್ನಲ್ ಆ ಪೇಜ್ ಬಳಸುತ್ತಿದ್ದ ಪ್ರೋಗ್ರಾಂಗೆ ಈ ಸಿಗ್ನಲ್ ಕಳಿಸುತ್ತದೆ. ಮೇಲೆ ಹೇಳಿದ ಕೋಡ್ 4, 5 ಅದೇ. ಇಸಿಸಿ ಇಲ್ಲದ ಮಾಮೂಲಿ ಪಿಸಿಯಲ್ಲಿ ಬಿಟ್ ತಿರುಗಿದ್ದು ಯಂತ್ರಕ್ಕೇ ಗೊತ್ತಾಗುವುದಿಲ್ಲ. ಅಲ್ಲಿ ರ‍್ಯಾಮ್ ಕೆಟ್ಟರೆ ಇವತ್ತು ಬ್ರೌಸರ್ ಬೀಳುತ್ತದೆ, ನಾಳೆ ಜಿಪ್ ಫೈಲ್ ಬಿಚ್ಚುವುದಿಲ್ಲ, ನಾಡಿದ್ದು ಕರ್ನಲ್ಲೇ ನಿಲ್ಲುತ್ತದೆ. ಒಂದೇ ಪ್ರೋಗ್ರಾಂ ಒಂದೇ ಸಾಲಿನಲ್ಲಿ ಬೀಳುತ್ತಿದ್ದರೆ ರ‍್ಯಾಮ್ ಮೇಲಿನ ಅನುಮಾನ ಕೊನೆಗಿರಲಿ. ಅಂಗಡಿಯವರಿಗೆ ಸಮಾಧಾನ ಆಗದಿದ್ದರೆ ಒಂದು ರಾತ್ರಿ ಮೆಮ್‌ಟೆಸ್ಟರ್ ಓಡಿಸಿ ತೋರಿಸಿ.

ನಿಮ್ಮ ಗೆಳೆಯ ಹೇಳಿದ್ದು ತಪ್ಪಲ್ಲ, ಈ ಕೇಸಿಗೆ ಹೊಂದುವುದಿಲ್ಲ ಅಷ್ಟೇ. 64 ಬಿಟ್ ಆರ್ಮ್‌ನಲ್ಲಿ ಮಾಮೂಲಿ ಮೆಮೊರಿಯಿಂದ ಸಾಮಾನ್ಯ ಓದು ಬರಹಕ್ಕೆ ಅಲೈನ್‌ಮೆಂಟ್ ತಪ್ಪಿದ್ದರೂ ಪ್ರೊಸೆಸರ್ ಸಂಭಾಳಿಸುತ್ತದೆ. ಅಟಾಮಿಕ್ (ಮಧ್ಯೆ ಯಾರೂ ಬರದಂತೆ ಒಂದೇ ಏಟಿಗೆ ಮುಗಿಯಬೇಕಾದ) ಕೆಲಸಗಳಿಗೆ ಮಾತ್ರ ಹಟ ಮಾಡುತ್ತದೆ. 32 ಬಿಟ್ ಆರ್ಮ್‌ನಲ್ಲಿ ಕಥೆ ಬೇರೆ. ಸೀರಿಯಲ್ ಪ್ಯಾಕೆಟ್‌ನಲ್ಲಿ ತೂಕ ಮೂರನೇ ಬೈಟ್‌ನಿಂದ ಶುರುವಾಗುತ್ತದೆ ಅನ್ನಿ. ಆ ಅಡ್ರೆಸ್ಸನ್ನು ಫ್ಲೋಟ್ ಪಾಯಿಂಟರ್ ಅಂತ ಕಾಸ್ಟ್ ಮಾಡಿ ಓದಿದರೆ, ಕಂಪೈಲರ್ ಫ್ಲೋಟಿಂಗ್ ಪಾಯಿಂಟ್ ಲೋಡ್ ಇನ್‌ಸ್ಟ್ರಕ್ಷನ್ ಹಾಕುತ್ತದೆ, ಅದಕ್ಕೆ ನಾಲ್ಕರಿಂದ ಭಾಗವಾಗುವ ಅಡ್ರೆಸ್ ಬೇಕೇ ಬೇಕು. ಅಲ್ಲಿ ಮೊದಲ ತೂಕಕ್ಕೇ ಬಸ್ ಎರರ್. ಇಂಟೆಲ್ ಪಿಸಿಯಲ್ಲಿ ಅದೇ ಕೋಡ್ ನಗುನಗುತ್ತಾ ಓಡುವುದರಿಂದ ಇದು ಮನೆಯಲ್ಲಿ ಸಿಕ್ಕಿಬೀಳುವುದಿಲ್ಲ. ನಿಮ್ಮದು ಎರಡು ವರ್ಷ ಓಡಿದೆ, ಹಾಗಾಗಿ ಇದಲ್ಲ.

ಕೋಡ್ ಪೂರ್ತಿ ತಿದ್ದುವುದೂ ಬೇಡ. ಪ್ಯಾಕೆಟ್‌ನಿಂದ ಅಂಕಿ ಎತ್ತುವ ಆ ಒಂದೆರಡು ಸಾಲಿನಲ್ಲಿ ಕಾಸ್ಟ್ ತೆಗೆದು ಮೆಮ್‌ಕಾಪಿ ಹಾಕಿ. ಆಪ್ಟಿಮೈಸೇಶನ್ ಇದ್ದರೆ ಕಂಪೈಲರ್ ಅದನ್ನು ಒಂದೆರಡು ಇನ್‌ಸ್ಟ್ರಕ್ಷನ್‌ಗೆ ಇಳಿಸುತ್ತದೆ, ನಿಧಾನ ಆಗುತ್ತದೆ ಅನ್ನುವ ಹೆದರಿಕೆ ಬೇಡ. ಪರೀಕ್ಷೆಗೆ ಕಂಪೈಲ್ ಮಾಡುವಾಗ ಸ್ಯಾನಿಟೈಜ್ ಅಲೈನ್‌ಮೆಂಟ್ ಆಯ್ಕೆ ಹಾಕಿದರೆ ಇಂಥ ಸಾಲುಗಳನ್ನು ಪಿಸಿಯಲ್ಲೇ ಬೆರಳಿಟ್ಟು ತೋರಿಸುತ್ತದೆ.

ನಿಮ್ಮ ಗೆಳೆಯನ ವಿದ್ಯಾರ್ಥಿಗಳಿಗೆ ಒಂದು ಮಾತು. ಡಾಕರ್ ಒಳಗೆ ಪೈಟಾರ್ಚ್ ಟ್ರೇನಿಂಗ್ ಹಾಕಿ, ಡೇಟಾಲೋಡರ್‌ಗೆ ನಾಲ್ಕೈದು ವರ್ಕರ್ ಕೊಟ್ಟ ಕೂಡಲೇ ಬಸ್ ಎರರ್ ಬರುತ್ತದೆ ಅಂತ ಪ್ರಾಜೆಕ್ಟ್ ಸಮಯದಲ್ಲಿ ಬಹಳ ಹುಡುಗರು ಕೇಳುತ್ತಾರೆ. ಅದೂ ಇದೇ ಜಾತಿ. ಡಾಕರ್ ತನ್ನಷ್ಟಕ್ಕೆ ಕೊಡುವ ಶೇರ್ಡ್ ಮೆಮೊರಿ 64 ಎಂಬಿ ಮಾತ್ರ, ವರ್ಕರ್‌ಗಳು ಅದನ್ನು ತುಂಬಿಸಿಬಿಡುತ್ತವೆ. ಕಂಟೇನರ್ ಶುರು ಮಾಡುವಾಗ ಎಸ್‌ಎಚ್‌ಎಂ ಸೈಜ್ ಜಾಸ್ತಿ ಮಾಡಿದರೆ ಆಯಿತು. ಯಂತ್ರದಲ್ಲಿ 32 ಜಿಬಿ ರ‍್ಯಾಮ್ ಇದ್ದರೂ ಈ ಎರರ್ ಬರುತ್ತದೆ, ಹೊಸ ರ‍್ಯಾಮ್ ಕೊಂಡರೂ ಹೋಗುವುದಿಲ್ಲ.